ಎರಡನೇ ಬದಿ, ಕೊನೆಯ ಹಾಡು

ಮೂರು ಹಗಲು, ಮೂರು ರಾತ್ರಿ. ಅಷ್ಟಕ್ಕೇ ದುಡ್ಡಿತ್ತು,
ಅದೂ ಮ್ಯಾಲ್ಡ್ವಿನ್ ತನ್ನ ಮೋಟಾರ್‌ಸೈಕಲ್ಲು ಮಾರಿದ್ದು.
ವೇಲ್ಸಿನ ಆ ಕಣಿವೆಯಲ್ಲಿ, ಉಕ್ಕಿನ ಕಾರ್ಖಾನೆಯ ಬೆನ್ನಿಗೆ
ಮುಚ್ಚಿಹೋದ ಉಣ್ಣೆ ಗಿರಣಿಯೊಂದರ ಗೋಡೆಗೆಲ್ಲ
ಮೊಟ್ಟೆ ಇಡುವ ರಟ್ಟು ಬಡಿದು
ಸ್ಟುಡಿಯೋ ಅಂತ ಕರೆದಿದ್ದೆವು.
ನಾನು ಟೇಪಿನ ಹುಡುಗಿ. ಹತ್ತೊಂಬತ್ತು ವರ್ಷ.
ಒತ್ತು ಅಂದಾಗ ಒತ್ತಬೇಕು, ನಿಲ್ಲಿಸು ಅಂದಾಗ ನಿಲ್ಲಿಸಬೇಕು,
ನಡುವೆ ಚಹಾ.

ಗಿಟಾರಿನ ಆಂಪ್ಲಿಫೈಯರನ್ನು ಕಕ್ಕಸಿನಲ್ಲಿಟ್ಟೆವು.
ಬಿಳಿ ಬಿಲ್ಲೆ ಹಾಸಿದ ಆ ಗೂಡಿನಲ್ಲಿ
ಒಂದು ಸ್ವರ ಬಿದ್ದರೆ ನಾಲ್ಕಾಗಿ ಏಳುತ್ತಿತ್ತು.
ಯಾರಿಗೆ ಎಷ್ಟೇ ಅವಸರವಾದರೂ
ಹಾಡು ಮುಗಿಯುವ ತನಕ ತಡಕೊಳ್ಳಬೇಕು.
ಅಷ್ಟೊಂದು ವೇಗ ಎಲ್ಲಿಂದ ಬಂತು ಎಂದು
ಆಮೇಲೆ ಕೇಳಿದವರಿಗೆ ನಾನು ನಿಜ ಹೇಳಿಲ್ಲ.

ಬೇಕರಿಯ ರಾತ್ರಿಪಾಳಿ ಮುಗಿಸಿ ನೇರ ಬಂದ ಗೆಥಿನ್
ಡ್ರಮ್ಮಿಗೆ ಮೊದಲ ಏಟು ಕೊಟ್ಟರೆ
ತೋಳಿನಿಂದ ಹಿಟ್ಟು ಹಾರುತ್ತಿತ್ತು.
ಇಡ್ವಲ್‌ನ ಗಂಟಲು ಕಟ್ಟಿತ್ತು; ಅದರಲ್ಲೇ ಹಾಡಿದ.
ಹೊದಿಕೆಯ ಚಿತ್ರದಲ್ಲಿ ನಡುವೆ ನಿಲ್ಲುವವರು ಯಾರು
ಎಂದು ಮ್ಯಾಲ್ಡ್ವಿನ್ ಜೊತೆ ಅರ್ಧ ದಿನ ಜಗಳವಾಡಿದ.
ಕೂಸು ಹುಟ್ಟುವ ಮುಂಚೆ ಕುಲಾವಿ.

ಶನಿವಾರ ರಾತ್ರಿ ಹನ್ನೊಂದು. ಒಂದೇ ಹಾಡು ಬಾಕಿ.
ಕಕ್ಕಸಿನಲ್ಲಿ ಟಪ್ ಅಂತ ಒಂದು ಸದ್ದು,
ಆಂಪ್ಲಿಫೈಯರಿನ ವಾಲ್ವು ಕಪ್ಪಾಯಿತು.
ಮ್ಯಾಲ್ಡ್ವಿನ್ ಗಿಟಾರು ತೊಡೆಯ ಮೇಲಿಟ್ಟುಕೊಂಡು
ಕಮೋಡಿನ ಮುಚ್ಚಳದ ಮೇಲೆ ಕೂತ,
ತುಟಿ ಎರಡು ಮಾಡಲಿಲ್ಲ.

ಏರುದಾರಿಯಲ್ಲಿ ಓಡಿದೆ. ಅಜ್ಜಿ ಗೊರಕೆ ಹೊಡೆಯುತ್ತಿದ್ದಳು.
ರೇಡಿಯೋದ ಬೆನ್ನಿಗೆ ನಾಲ್ಕು ತಿರುಪು,
ಒಳಗೆ ದೂಳು, ಸತ್ತ ಒಂದು ಜೀರುಂಡೆ,
ಅದೇ ನಂಬರಿನ ವಾಲ್ವು.
ಕಾಲುಚೀಲದಲ್ಲಿ ಸುತ್ತಿ
ಕದ್ದ ಮೊಟ್ಟೆಯ ಹಾಗೆ ಎದೆಗಿಟ್ಟುಕೊಂಡು ಇಳಿದೆ.

ಮೀಟರಿನ ಮುಳ್ಳು ಕೆಂಪಿಗೆ ಹೋಗಿ
ಗೋಡೆಗೆ ಒರಗಿದವರಂತೆ ಅಲ್ಲೇ ನಿಂತಿತು.
ನಿಲ್ಲಿಸು ಎನ್ನಲು ಎಮ್ಲಿನ್ ಕೈ ಎತ್ತಿದ,
ಎತ್ತಿದ ಕೈಯಿಂದ ತಲೆ ಕೆರೆದುಕೊಂಡ.
ಆರು ನಿಮಿಷ. ಟೇಪಿನ ಬಾಲ ಪಟಪಟ ಬಡಿಯುವಾಗ
ಗೆಥಿನ್ ಇನ್ನೂ ಬಾರಿಸುತ್ತಲೇ ಇದ್ದ.

ಆ ತಟ್ಟೆ ಮುನ್ನೂರು ಮಾರಾಟವಾಯಿತೋ ಇಲ್ಲವೋ.
ವಾಲ್ವನ್ನು ಬೆಳಗಾಗುವ ಮೊದಲೇ
ಇದ್ದಲ್ಲಿಗೇ ಸೇರಿಸಿದ್ದೆ, ಜೀರುಂಡೆ ಸಮೇತ.

ಅಂದಿನಿಂದ ಭಾನುವಾರದ ಪ್ರಾರ್ಥನೆಗೆ
ಒಂದು ಗರಗಸದ ಅಂಚು.
ಪಾದ್ರಿಯ ದನಿಯಲ್ಲಿ ತುಕ್ಕು,
ಹಾಡುವ ಹೆಂಗಸರ ಹಿಂದೆ ಯಾರೋ ಗುರುಗುಟ್ಟಿದ ಹಾಗೆ.
ಅಜ್ಜಿ ಪೆಟ್ಟಿಗೆಗೆ ಕಿವಿಯಿಟ್ಟು ಕೇಳಿದಳು,
ನನ್ನ ಕಡೆ ನೋಡಿದಳು,
ಗುಂಡಿಯನ್ನು ಇನ್ನೊಂದು ಸುತ್ತು ತಿರುಗಿಸಿದಳು,
ಬಲಕ್ಕೆ.