ಕಿತ್ತ ವಾಯರು

ನಮ್ಮ ಪತ್ತಿನ ಸಂಘದ ಸರ್ವರು ಇದ್ದದ್ದು
ಪಾಯಖಾನಿ ಗ್ವಾಡಿಗೆ ಹತ್ತಿ.
ಅದರ ತಲಿ ಮ್ಯಾಲ ಒಂದು ಟೇಬಲ್ ಫ್ಯಾನು,
ಫ್ಯಾನಿನ ಕೊರಳಿಗೆ ಧೂಳಿನ ಮಫ್ಲರು.
ಏಪ್ರಿಲ್ಲಿನ ಎರಡನೇ ವಾರ ಕಣ್ಣು ಮುಚ್ಚಿತು.
ಮೂರು ದಿನ ಪಾಸ್‌ಬುಕ್ಕುಗಳು ಬಾಯಿ ತಕ್ಕೊಂಡು ಕುಂತವು.
ಬಸಲಿಂಗವ್ವ ಕೌಂಟರಿನ ಕಿಂಡ್ಯಾಗ ಮುಖ ತೂರಿ
‘ನನ್ನ ಠೇವಣಿ ಮಷೀನ್ ನುಂಗೇತೇನವಾ?’ ಅಂದಳು.
ನಾನು, ನಸೀಮಾ ಇನಾಮದಾರ, ಹಿರೇ ಗುಮಾಸ್ತೆ,
ನಲವತ್ತಕ್ಕ ಎರಡು ಕಮ್ಮಿ,
ಇಲ್ಲಬೇ ಅಂದೆ.
ಗೊತ್ತಿಲ್ಲದ ಅಂದೆ.

ಆ ‘ಇಲ್ಲ’ ರಾತ್ರಿ ನಿದ್ದಿ ಮಾಡಗೊಡಲಿಲ್ಲ.

ಕ್ಲೌಡ್ ಕಲೀತೀನ್ರಿ ಅಂದಾಗ
ಮ್ಯಾನೇಜರ್ ಯರನಾಳ ಸಾಹೇಬರು ಕಿಟಕಿ ಹೊರಗ ನೋಡಿದರು:
‘ವಿಜಯಪುರದಾಗ ಎಲ್ಲೈತ್ರಿ ಮೋಡ?’
ಎಲ್ಲಾರೂ ನಕ್ಕರು. ನಾನೂ ನಕ್ಕು ಅರ್ಜಿ ಮುಂದಿಟ್ಟೆ.

ರೊಟ್ಟಿ ಹಂಚು ಆರೋ ಹೊತ್ತಿಗೆ ಲ್ಯಾಪ್‌ಟಾಪ್ ಬಿಸಿ ಆಗ್ತಿತ್ತು.
ಕರೀ ಪರದೆಯ ಲಿನಕ್ಸು,
ಒಂದು ಚುಕ್ಕಿ ತಪ್ಪಿದರ ಮಾತು ಬಿಡೋ ಸ್ವಾದರತ್ತಿ.
ನೆಟ್‌ವರ್ಕ್ ಮಾತ್ರ ಲಗೂನ ತಿಳೀತು:
ಜುಮ್ಮಾ ಮಸೀದಿ ಹಿಂದಿನ ಗಲ್ಲಿಗಳ್ಯಾಗ ಬೆಳದಾಕಿಗೆ
ಯಾರನ್ನ ಕಟ್ಟಿ ಮ್ಯಾಲ ಕುಂಡ್ರಸಬೇಕು,
ಯಾರನ್ನ ಅಡಗಿಮನಿತನಕ ಬಿಡಬೇಕು,
ಹೊಸದಾಗಿ ಹೇಳಿಕೊಡಬೇಕೇನು?

ಮೊದಲ ತಿಂಗಳು ಒಂದು ಯಂತ್ರ ಆರಸದ ಮಲಗಿಬಿಟ್ಟೆ.
ಎಲ್ಲೋ ಒಂದು ಕಡೆ ಹನ್ನೊಂದು ದಿನ
ಯಾರಿಗೂ ಬ್ಯಾಡಾದದ್ದನ್ನ ಅದು ಓಡಸ್ಕೋತ ಕುಂತಿತ್ತು.
ಬಿಲ್ಲು: ನಾಕು ಸಾವಿರದ ಮುನ್ನೂರಾ ಹನ್ನೆರಡು.
ಯೂಸೂಫ್ ಬೈಲಿಲ್ಲ.
ಸುಮ್ಮನ ಹೋಗಿ ಬಚ್ಚಲದ ನಳ
ಗಟ್ಟಿ ತಿರುವಿ ಬಂದ.

ಪರೀಕ್ಷಾದಾಗ ಕೇಳಿದ್ದರು:
ಒಂದು ಇಡೀ ಊರು ಕತ್ತಲಾದರ ನಿನ್ನ ಲೆಕ್ಕ ಎಲ್ಲಿ?
ಉತ್ತರ ಬಾಯಿಪಾಠ ಇತ್ತು, ಬರೆದೆ, ತಪ್ಪಿತು.
ನಾಕು ಅಂಕಕ್ಕ ಫೇಲು.

ನಮ್ಮ ಓಣಿಗೆ ನೀರು ಬಿಡೋ ಸಿದಗೊಂಡ ಕಾಕಾ
ವಾಲ್ವಿನ ಉದ್ದನ್ನ ಕೀಲಿ ನೆಲಕ್ಕೂರಿ
ಹಳೇ ಗಂಜಿನ ಕಡೆ ಗದ್ದ ಎತ್ತಿದ:
‘ಅಷ್ಟೆತ್ತರ ಯಾಕ ಕಟ್ಯಾರ? ತೋರಸಾಕಲ್ಲ ತಂಗಿ.
ನೀರಿಗೂ ಸಿಟ್ಟಿರತೈತಿ.
ಒಂದೇ ಉಸುರಿನ್ಯಾಗ ಓಡಿ ಬಂದರ ಕೊಳವಿ ಹರೀತೈತಿ.
ಮ್ಯಾಲೇರಿ, ಉಸುರು ಬಿಟ್ಟು, ರಾಡಿ ಕೆಳಗಿಟ್ಟು
ಮುಂದ ಹೋಗಲಿ ಅಂತ.
ಒಡಿಯೂದಿಲ್ಲ ಅಂತ ಕಟ್ಟಿದಾವ ಹುಚ್ಚ.
ಎಲ್ಲಿ ಒಡೀತೈತಿ ಅಂತ ಕೇಳಿ ಕಟ್ಟಬೇಕು.’

ಕಿರಾಣಿ ವಹಿಯ ಹಿಂದಿನ ಹಾಳ್ಯಾಗ ಬರಕೊಂಡೆ
ಎಣ್ಣಿ, ತೊಗರಿಬ್ಯಾಳಿ ಲೆಕ್ಕದ ಬೆನ್ನಿಗೆ
ಎರಡು ಗಂಜು, ಎರಡು ದಾರಿ, ಮೂರು ಬಾಗಿಲು.
ಎಲ್ಲಾ ಕೀಲಿ ಒಬ್ಬರ ಸೊಂಟದಾಗ ಇರಬಾರದು,
ಅದನ್ನ ಎಲ್ಲಾ ಕೀಲಿ ಸೊಂಟದಾಗಿದ್ದ
ಯರನಾಳ ಸಾಹೇಬರಿಗೆ ತಿಳಸಾಕ ಮೂರು ವಾರ ಹಿಡೀತು.
ಆ ವಿದ್ಯಾ ಯಾವ ಪರೀಕ್ಷಾದಾಗೂ ಕೇಳಲಿಲ್ಲ.

ಡಿಸೆಂಬರ್, ಮಂಗಳವಾರ, ಹನ್ನೆರಡರ ಸುಮಾರು.
ಕೌಂಟರಿನ ಮುಂದ ಮಂದಿ.
‘ಈಗ ಕೀಳ್ತೀನ್ರಿ’ ಅಂದೆ.
ಸಾಹೇಬರು ಟೋಪಿ ತಗದು ಮತ್ತ ಹಾಕ್ಕೊಂಡರು.
ಹಳೇ ಪೆಟಗಿಯ ವಾಯರು ಗ್ವಾಡಿಯಿಂದ ಕಿತ್ತೆ.
ಫ್ಯಾನು ತಿರುಗಿ ತಿರುಗಿ ನಿಂತಿತು.
ಪ್ರಿಂಟರು ನಡುಸಾಲಿನ್ಯಾಗ ಬಾಯಿ ಮುಚ್ಚಿತು.
ಐದು.
ಆರು.
ಯಾರೋ ಕೆಮ್ಮಿದರು.
ಒಂಬತ್ತಕ್ಕ ಕರ್ ಅಂತ ಉಳಿದ ಸಾಲು ಬರೀತು.

ಬಸಲಿಂಗವ್ವ ಬೆರಳಿಗೆ ಉಗುಳು ಹಚ್ಚಿ ಹಾಳಿ ತಿರುವಿ
‘ಬಡ್ಡಿ ಎರಡು ರೂಪಾಯಿ ಕಮ್ಮಿ ಬಂದೈತಿ’ ಅಂದಳು.
ಬ್ಯಾರೆ ಏನೂ ಆಗಲಿಲ್ಲ.
ಎಂಟು ತಿಂಗಳು ಕಲತದ್ದು ಅದೇ, ಏನೂ ಆಗದಂಗ ಮಾಡೂದು.

ಸಂಜಿಕ ಓಣಿಗೆ ನೀರು ಬಂತು.
ಕೊಡ ತುಂಬೋ ಸಪ್ಪಳದಾಗ
ಯಾರೂ ಮೂಲಿ ಕಡೆ ನೋಡಲಿಲ್ಲ.
ಕಾಕಾ ಕೀಲಿ ಹೆಗಲಿಗೇರಿಸಿ ಮುಂದಿನ ಓಣಿಗೆ ಹೊಂಟಿದ್ದ.
‘ಚಾ ಕುಡದು ಹೋಗ್ರಿ’ ಅಂತ ಒದರಿದೆ.
ನಿಂತ. ಯಾಕ ಅಂತ ಕೇಳಲಿಲ್ಲ.
‘ಸಕ್ಕರಿ ಕಮ್ಮಿ ಹಾಕವಾ’ ಅಂದ.