ಕಹಿ ಹೋದ ಹುಲ್ಲು

ಮಳೆ ನಿಂತ ಮರುದಿನವೇ ಕೀಳಬೇಕು.
ನೆಲ ಹದವಾಗಿರುವಾಗ ಬುಡಕ್ಕೆ ಕೈಹಾಕಿ
ತುಸು ತಿರುವಿ, ಅವಸರ ಮಾಡದೆ ಎಳೆದರೆ
ಹಾಲುಹಲ್ಲಿನ ಹಾಗೆ ಬಂದುಬಿಡುತ್ತದೆ.
ಒಣ ನೆಲದಲ್ಲಿ ಜಗ್ಗಿದಿರೋ
ಅರ್ಧ ಕೈಗೆ, ಅರ್ಧ ನೆಲಕ್ಕೆ.
ಉಳಿದ ಒಂದೊಂದು ಬೇರಿನ ಚೂರೂ
ಬರುವ ವರ್ಷಕ್ಕೆ ಒಂದೊಂದು ಗಿಡ.

ರಾಸ್‌ಕಾಮನ್ನಿನ ಈ ಮಗ್ಗುಲಲ್ಲಿ
ಇದಕ್ಕೆ ಬೂಖಲಾನ್ ಅನ್ನುತ್ತೇವೆ.
ಜುಲೈ ಬಂತೆಂದರೆ ಸೊಂಟದೆತ್ತರ ಹಳದಿ;
ಕಾರಿನವರು ನಿಲ್ಲಿಸಿ ಫೋಟೊ ಹೊಡೆಯುತ್ತಾರೆ.
ಕಿನ್ನರರು ರಾತ್ರಿ ಇದನ್ನೇ ಕುದುರೆ ಮಾಡಿಕೊಂಡು
ಜೌಗು ದಾಟುತ್ತಾರೆಂದು ನಂಬಿದ್ದಳು ನಮ್ಮಜ್ಜಿ ಡೆಲಿಯಾ.
ಕೀಳುವ ಮುಂಚೆ ಒಮ್ಮೆ ಕೆಮ್ಮುತ್ತಿದ್ದಳು,
ಮೇಲೆ ಯಾರಾದರೂ ಕೂತಿದ್ದರೆ ಇಳಿಯಲಿ ಅಂತ.

ನಾನು ಕೆಮ್ಮುವುದಿಲ್ಲ. ಎಣಿಸುತ್ತೇನೆ.
ಗೊಬ್ಬರದ ಖಾಲಿ ಚೀಲಕ್ಕೆ ಅರವತ್ತು ಗಿಡ.
ಹೂವಿದ್ದದ್ದನ್ನು ಹೊಲದಲ್ಲೇ ಬಿಡುವಂತಿಲ್ಲ,
ಕಿತ್ತು ಬಿಸಾಡಿದ ಮೇಲೂ ಬೀಜ ಕಟ್ಟುವ ಹಠ ಅದರದ್ದು.

ಬೇಲಿಯ ಆಚೆ ಮ್ಯಾಲಕಿ ಹ್ಯಾನ್ಲಿಯ ಎಂಟು ಎಕರೆ.
ಅವನು ಒಂದು ಗಿಡವನ್ನೂ ಮುಟ್ಟುತ್ತಿರಲಿಲ್ಲ.
ಪಡುಗಾಳಿ ಬೀಸಿದಾಗಲೆಲ್ಲ
ಅವನ ಬೀಜ ನನ್ನ ಹುಲ್ಲಿಗೆ ಹಾರುತ್ತಿತ್ತು,
ಅಥವಾ ಹಾಗಂತ ನಾನು ಊರಿಗೆಲ್ಲ ಹೇಳುತ್ತಿದ್ದೆ.
ಇಲಾಖೆಗೆ ಎರಡು ಸಲ ಕಾಗದ ಬರೆದೆ.
ಹೆಸರು ಹಾಕಲಿಲ್ಲ.

ಹೀಗೇ ಒಂದು ಮಾರ್ಚಿನಲ್ಲಿ
ನನ್ನ ಹುಲ್ಲು ತೇಪೆ ತೇಪೆಯಾಗಿ ಬಾಡಿ,
ಕಾಗೆಗಳು ಬಂದು ಕುಕ್ಕಿ ಕುಕ್ಕಿ ನೆಲವನ್ನೇ ಬಗೆದಾಗ
ನಾನು ಕೋವಿ ತಂದಿದ್ದೆ.
ಮ್ಯಾಲಕಿ ಬೇಲಿಯ ಆಚೆಯಿಂದಲೇ ಹೇಳಿದ:
'ಹುಲ್ಲು ಎತ್ತಿ ನೋಡೋ.'
ಎತ್ತಿದೆ. ಹಳೇ ಕಂಬಳಿಯಂತೆ ಸುರುಳಿ ಬಂತು.
ಅಡಿಯಲ್ಲಿ ಬೂದು ಬಣ್ಣದ ಹುಳು, ಕಾಲಿಲ್ಲದ್ದು,
ಅಂಗೈಯಗಲಕ್ಕೆ ಹತ್ತು ಹನ್ನೆರಡು,
ಬೇರು ತಿಂದು ಕೊಬ್ಬಿದ್ದವು.
'ಕೂಲಿ ಕೇಳದ ಆಳುಗಳು ಅವು,' ಅಂದ ಕಾಗೆಗಳಿಗೆ.
ಕೋವಿ ಒಳಗಿಟ್ಟೆ. ಅವನ ಮೇಲಿನ ಸಿಟ್ಟು ಹೊರಗೇ ಇತ್ತು.

ಆ ಬೇಸಿಗೆ ಮಳೆಯೋ ಮಳೆ.
ಬಿಸಿಲು ಕಂಡದ್ದು ನಾಲ್ಕೇ ದಿನ.
ಕೊಯ್ಲಿನವನು ಟ್ರ್ಯಾಕ್ಟರ್ ಆರಿಸದೆ ಗೇಟಿನಲ್ಲಿ ನಿಂತಿದ್ದ,
ಹಳ್ಳದ ಮೂಲೆಯೊಂದು ಕೀಳದೆ ಉಳಿದಿತ್ತು.
ಇರಲಿ ಬಿಡು, ಒಂದು ಮೂಲೆ ತಾನೆ.
ಕೊಯ್ದೆವು, ಒಣಗಿಸಿದೆವು, ಸುತ್ತಿದೆವು.
ಹನ್ನೆರಡು ಉರುಳೆ ಮ್ಯಾಲಕಿಗೇ ಮಾರಿದೆ,
ದುಡ್ಡು ಎರಡು ಸಲ ಎಣಿಸಿಕೊಂಡೆ.

ಹಸಿಯಿದ್ದಾಗ ಅದು ಕಹಿ. ಕುದುರೆ ಮೂಸಿ ಮುಂದೆ ಹೋಗುತ್ತದೆ.
ಒಣಗಿದರೆ ಕಹಿ ಹೋಗುತ್ತದೆ.
ವಿಷ ಹೋಗುವುದಿಲ್ಲ.

ಫೆಬ್ರವರಿಯಲ್ಲಿ ಅವನ ಕಂದು ಕುದುರೆ, ಹೇಜಲ್,
ಲಾಯದ ಗೋಡೆಗೆ ಹಣೆಯೊತ್ತಿ ನಿಂತಿತ್ತು
ಗೋಡೆಯೊಳಗಿಂದ ದಾರಿಯಿದೆ ಎಂಬಂತೆ.
ಮೂರು ದಿನ.
ಪಶುವೈದ್ಯೆ ಮೇವು ಕೆದಕಿ
ಮುರುಟಿದ ಕಪ್ಪು ಕಡ್ಡಿಯೊಂದನ್ನು ಬಲ್ಬಿಗೆ ಹಿಡಿದಳು.
ನಾನು ಹಗ್ಗ ಹಿಡಿದು ನಿಂತಿದ್ದೆ.
ಮ್ಯಾಲಕಿ ಕಡ್ಡಿಯನ್ನು ನೋಡಿದ. ನನ್ನನ್ನು ನೋಡಲಿಲ್ಲ.

ನೆಲದೊಳಗೆ ಬೀಜ ಹತ್ತಾರು ವರ್ಷ
ಕಣ್ಣು ಮುಚ್ಚಿ ಕೂತಿರಬಲ್ಲುದಂತೆ.
ದುಡ್ಡು ವಾಪಸು ಕೊಡಲು ಹೋದೆ;
ಚಹಾ ಕೊಟ್ಟ, ಲಕೋಟೆ ಮುಟ್ಟಲಿಲ್ಲ.
ಅದರ ಮೇಲಿನ ನನ್ನ ಕೈಬರಹವನ್ನು
ಬಹಳ ಹೊತ್ತು ನೋಡಿದ.

ಇವತ್ತು ಮಳೆ ನಿಂತ ಮರುದಿನ.
ಬೆಳಗ್ಗೆ ಆರೂವರೆಗೆ ಹಳ್ಳದ ಮೂಲೆಯಲ್ಲಿ ಯಾರೋ ಬಗ್ಗಿದ್ದರು.
ಮ್ಯಾಲಕಿ, ಬೇಲಿಯ ಈಚೆಗೆ,
ಕಿತ್ತಳೆ ಬಣ್ಣದ ರಬ್ಬರ್ ಕೈಗವಸು.
ಬಾ ಅನ್ನಲಿಲ್ಲ ನಾನು. ಬಂದೆ ಅನ್ನಲಿಲ್ಲ ಅವನು.
ಒಂದು ಗಿಡದಲ್ಲಿ ಹಳದಿ ಕಪ್ಪು ಪಟ್ಟೆಯ ಕಂಬಳಿಹುಳಗಳಿದ್ದವು,
ಎಲೆಯೆಲ್ಲ ತಿಂದು ಬರಿ ದಂಟು ಮಾಡಿದ್ದವು;
ಅದನ್ನು ಹಾಗೇ ಬಿಟ್ಟ.
ಮುಂದಿನದಕ್ಕೆ ಬಗ್ಗಿ, ಬುಡ ಹಿಡಿದು,
ಎಳೆಯುವ ಮುಂಚೆ ಒಮ್ಮೆ ಕೆಮ್ಮಿದ.

ಗಂಟಲು ಸರಿಮಾಡಿಕೊಂಡನೋ
ಯಾರನ್ನಾದರೂ ಇಳಿಸಿದನೋ
ನಾನು ಕೇಳಲಿಲ್ಲ.
ಇನ್ನೊಂದು ಚೀಲ ತರಲು ಹೋದೆ.