ಊರಿಗೆ ಬಂದವಳು

ಹಡಗಿನಿಂದ ಇಳಿದದ್ದು ಎರಡು ಪೆಟ್ಟಿಗೆ, ಒಂದು ಹೊಲಿಗೆ ಯಂತ್ರ,
ಕುಂಡದಲ್ಲೊಂದು ನಿಂಬೆ ಗಿಡ,
ಕೊನೆಗೆ ಡೊರೀನ್ ಪಿಕರ್ಸ್‌ಗಿಲ್, ಅರವತ್ತಾರು ವರ್ಷ,
ಮಂಡಿ ಎರಡೂ ರಿಪೇರಿ.

ಕಟ್ಟೆಯ ಮೇಲೆ ಕೂತ ನಾವು ಬಾಜಿ ಕಟ್ಟಿದೆವು.
ಎರಡು ಚಳಿಗಾಲ, ಎಂದೆ ನಾನು. ಅಂಚೆಯ ಐವರ್, ಒಂದೂವರೆ.
ನಿಂಬೆ ಗಿಡದ ಮೇಲೆ ಯಾರೂ ಒಂದು ಪೆನ್ನಿ ಹಚ್ಚಲಿಲ್ಲ;
ನವೆಂಬರಿನ ಗಾಳಿ ಅದನ್ನು ಕುಂಡದ ಸಮೇತ ಒಯ್ದಿತು.
ಅವಳನ್ನು ಒಯ್ಯಲಿಲ್ಲ.

ಹಡರ್ಸ್‌ಫೀಲ್ಡಿನಲ್ಲಿ ಮೂವತ್ತೊಂದು ವರ್ಷ ಬಸ್ಸು ಓಡಿಸಿದವಳು.
ನಮ್ಮ ದ್ವೀಪಕ್ಕಿರುವುದು ಒಂದೇ ರಸ್ತೆ,
ಅದೂ ಕುರಿಗಳ ಹೆಸರಿಗೆ ಬರೆದಾಗಿದೆ.
ಓಡಿಸಲು ಏನೂ ಇಲ್ಲದೆ ನಮ್ಮನ್ನು ಓದತೊಡಗಿದಳು.

ಮುಚ್ಚಿದ ಶಾಲೆಯ ಬೀಗದಕೈ ಕೇಳಿ ಪಡೆದು ಮಂಗಳವಾರ ತೆರೆದಳು.
ಗೋಡೆಗೆ ಪೀಟ್ ಕಡಿಯುವ ಸಲಿಕೆ,
ಯಾವ ಮನೆಯ ಕುರಿಗೆ ಕಿವಿಯಲ್ಲಿ ಯಾವ ಗುರುತು ಎಂಬ ಪಟ್ಟಿ
(ನಮ್ಮದು: ಎಡಗಿವಿಯ ತುದಿ ಸೀಳು, ಬಲಕ್ಕೆ ಅರ್ಧಚಂದ್ರ),
ಹಾಜರಿ ಪುಸ್ತಕದಲ್ಲಿ ನಾನು:
ಟಾರ್ಕಿಲ್, ಗೈರು, ಗೈರು, ಗೈರು.

ಗೈರು ನಿಜವೇ. ಹದಿನಾರಕ್ಕೆ ಹಡಗು ಹತ್ತಿದವನು
ಹಲ್ಲು ಉದುರಿದ ಮೇಲೆ ತಿರುಗಿ ಬಂದೆ.
ಹುಟ್ಟಿದ ಊರಲ್ಲವೇ, ನನ್ನ ಮೇಲೆ ಯಾರೂ ಬಾಜಿ ಕಟ್ಟಲಿಲ್ಲ.

ಪೆನ್ಸಿಲ್ಲು ನೋಟುಬುಕ್ಕು ಹಿಡಿದು ದಂಡೆಗುಂಟ ಬರುವಳು.
ಈ ಬಂಡೆ? ಈ ಕೊರಕಲು? ಈ ದಿಬ್ಬ?
ಅಕ್ಕ ಮುರ್ಡಿನಾ ಒಂದೊಂದೇ ಹೆಸರು ಹೇಳುವಳು,
ಕೂಸಿಗೆ ತುತ್ತು ಕೊಟ್ಟ ಹಾಗೆ.
ನನಗೆಲ್ಲಿಯ ತಾಳ್ಮೆ.
ಹೆಸರೇ ಇಲ್ಲದ ಬಂಡೆಯೊಂದನ್ನು ತೋರಿಸಿ
‘ಸ್ಕೆರ್ ನ ಬ್ರಿಗಿಶ್’ ಎಂದೆ. ಚಲ್ಲಣದ ಬಂಡೆ.
ಪಾದ್ರಿಯ ಚಲ್ಲಣ ಹಗ್ಗದಿಂದ ಹಾರಿ, ಕೊಲ್ಲಿ ದಾಟಿ
ಅಲ್ಲಿ ಸಿಕ್ಕಿಕೊಂಡಿತಂತೆ. ಭಾನುವಾರ ಬೇರೆ,
ದೋಣಿ ಬಿಡುವಂತಿಲ್ಲ.
ಅವಳು ನಗಲಿಲ್ಲ. ಬರೆದುಕೊಂಡಳು. ಕಾಗುಣಿತ ಕೇಳಿದಳು.

ಆ ರಾತ್ರಿ ಒಬ್ಬನೇ ನಕ್ಕೆ. ಬಹಳ ಹೊತ್ತಲ್ಲ.

ಆಮೇಲೆ ಮುರ್ಡಿನಾ ಮಲಗಿದಳು, ಏಳಲಿಲ್ಲ.
ಮೊದಲು ಇಂಗ್ಲಿಷು ಬಿಟ್ಟುಹೋಯಿತು, ಹಸಿವು ನಂತರ.
ಒಂದು ಮುಂಜಾನೆ ಗೇಲಿಕ್ಕಿನಲ್ಲಿ ನೀರು ಕೇಳಿದಳು.
ನಲ್ಲಿಯದು ಕೊಟ್ಟೆ. ತುಟಿ ಬಿಗಿದಳು.
‘ತೋಬರ್ ನ ಬೌಂತ್ರಿಖ್’ ಎಂದಳು. ವಿಧವೆಯ ಬಾವಿ.
ಹೌದು ಹೌದು ಎನ್ನುತ್ತಾ ಜಗ್ಗು ಹಿಡಿದು ಹೊರಬಂದು
ಬಾಗಿಲ ಹೊರಗೇ ನಿಂತೆ.
ಎಲ್ಲಿ?
ಹೆಸರು ಕಿವಿಯಲ್ಲಿತ್ತು, ಕಾಲಿನಲ್ಲಿರಲಿಲ್ಲ.
ಅಮ್ಮನ ಬೆನ್ನ ಹಿಂದೆ ನಡೆದದ್ದು, ತಣ್ಣನೆಯ ಕಲ್ಲು, ಅಷ್ಟೇ ನೆನಪು.
ನಲ್ಲಿ ಬಂದ ವರ್ಷವೇ ಜರಿಗಿಡ ಅದನ್ನು ನುಂಗಿತ್ತು.

ಮೇವಿನ ಚೀಲ ಹೊತ್ತು ಡೊರೀನ್ ಬಂದಳು. ಕೇಳಿದೆ.
ಚೀಲ ಇಳಿಸಿ, ಕಣ್ಣು ಮುಚ್ಚಿ, ಬೆರಳು ಮಡಿಸುತ್ತಾ,
ಬಸ್ಸಿನ ನಿಲ್ದಾಣ ಎಣಿಸುವ ದನಿಯಲ್ಲಿ
ಹಡಗುಕಟ್ಟೆಯಿಂದ ಶುರುಮಾಡಿದಳು:
ದೋಣಿಗುಂಡಿ, ಕುರುಡಿಯ ಮೆಟ್ಟಿಲು, ಉಪ್ಪಿನ ಕಲ್ಲು,
ಚಲ್ಲಣದ ಬಂಡೆ,
(ನಾನು ನೆಲ ನೋಡಿದೆ)
ಅಲ್ಲಿಂದ ಎಡಕ್ಕೆ, ಬೇಲಿ ದಾಟಿ, ನಲವತ್ತು ಹೆಜ್ಜೆ.
ನನ್ನ ಕೈಯ ಜಗ್ಗು ಕಸಿದುಕೊಂಡು ಹೊರಟೇಬಿಟ್ಟಳು
ರಿಪೇರಿಯಾದ ಆ ಮಂಡಿಗಳ ಮೇಲೆ.

ಮುರ್ಡಿನಾ ಮೂರು ಗುಟುಕು ಕುಡಿದಳು.
ನಾಲ್ಕನೆಯದು ಗದ್ದದ ಮೇಲೆ ಹರಿಯಿತು.
ಡೊರೀನ್ ಅದನ್ನು ಸ್ವೆಟರಿನ ತೋಳಿನಿಂದ ಒರೆಸಿದಳು.
ಬಾವಿಯ ಪಾಚಿ ಇನ್ನೂ ಆ ತೋಳಿಗೆ ಅಂಟಿತ್ತು.

ಈಗ ಏಳು ಚಳಿಗಾಲ. ಬಾಜಿಯ ಹಣ
ಯಾರಿಗೆ ಸಲ್ಲಬೇಕೋ ತಿಳಿಯದೆ ಶಾಲೆಯ ಡಬ್ಬಿಗೆ ಹಾಕಿದೆವು.
ಮೊನ್ನೆ ಹಡಗಿನಿಂದ ಇನ್ನೊಂದು ಜೋಡಿ ಇಳಿಯಿತು,
ನರೆತ ತಲೆ, ಹೊಸ ಬೂಟು.
ಡೊರೀನ್ ಅವರನ್ನು ದಂಡೆಗುಂಟ ನಡೆಸಿ ಬೆರಳು ಚಾಚಿದಳು:
ಅದೋ, ಸ್ಕೆರ್ ನ ಬ್ರಿಗಿಶ್.
ಪಾದ್ರಿ, ಹಗ್ಗ, ಭಾನುವಾರ, ಎಲ್ಲ ಹೇಳಿದಳು;
ಅವಳ ಬಾಯಲ್ಲಿ ಚಲ್ಲಣ ಕಪ್ಪಾಗಿತ್ತು.

ಇವತ್ತಾದರೂ ಹೇಳಿಬಿಡಬೇಕು ಎಂದು ಬಾಯಿ ತೆರೆದೆ.
ಕಪ್ಪಲ್ಲ, ಬೂದು ಬಣ್ಣದ್ದು, ಅಂದೆ. ಉಣ್ಣೆಯದು.

ಹೊಸಬ ಜೇಬಿನಿಂದ ಪೆನ್ಸಿಲ್ಲು ತೆಗೆದ.